ಹವಾಲ್ದಾರ್ ರೂಬನ್ ಕೊಂದ ಹನ್ನೆರಡು ಮಂದಿ

ರೂಬನ್ ಕರ್ಕಡರು ಎಂಬತ್ತು ವರ್ಷ ಬದುಕಿದರು. ಅಷ್ಟು ವರ್ಷಗಳಲ್ಲಿ ಕೋಳಿ, ಕುರಿ, ಮೀನು ಬಿಟ್ಟರೆ ಯಾವ ಜೀವವನ್ನೂ ತೆಗೆದವರಲ್ಲ. ಆದರೆ ಸತ್ತ ಮರುದಿನ ಬೆಳಗ್ಗೆ ಹನ್ನೊಂದು ಗಂಟೆಯ ಹೊತ್ತಿಗೆ ಅವರು ಹನ್ನೆರಡು ಮಂದಿ ಶತ್ರು ಸೈನಿಕರನ್ನು ಕೊಂದು ಮುಗಿಸಿದ್ದರು. ಅದೂ ಹಂಪನಕಟ್ಟೆಯ ಒಂದು ಪ್ರೆಸ್ಸಿನಲ್ಲಿ, ಹೊಳಪು ಕಾಗದದ ಮೇಲೆ, ಇನ್ನೂರು ಪ್ರತಿ.

ಆ ಕಾಗದವನ್ನು ಹಿಡಿದುಕೊಂಡು ಅವರ ಮಗಳು ಗ್ಲ್ಯಾಡಿಸ್ ಅಪ್ಪನ ಅಡಿಗೆಮನೆಯಲ್ಲಿ ನಿಂತಿದ್ದಳು. ಗ್ಲ್ಯಾಡಿಸ್ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಇಪ್ಪತ್ತೆಂಟು ವರ್ಷದಿಂದ ಮಕ್ಕಳ ತಪ್ಪು ಲೆಕ್ಕಗಳನ್ನು ಸಹಿಸಿಕೊಂಡು ಬಂದವಳು. ಈ ಕಾಗದವನ್ನು ಮಾತ್ರ ಸಹಿಸಲಾಗಲಿಲ್ಲ. ಚೀಲದಿಂದ ಕೆಂಪು ಪೆನ್ನು ತೆಗೆದು ಮೊದಲ ಸಾಲಿಗೇ ಅಡ್ಡಗೆರೆ ಎಳೆದಳು.

"'ಯುದ್ಧಭೂಮಿಯ ಸಿಂಹ' ಅಂತೆ! ಪಪ್ಪನಿಗೆ ಬೆಕ್ಕು ಕಂಡರೆ ಹೆದರಿಕೆ ಇತ್ತು. 'ಏಕಾಂಗಿಯಾಗಿ ಹನ್ನೆರಡು ಶತ್ರುಗಳನ್ನು ಸದೆಬಡಿದ ವೀರ' ಅಂತೆ! ಯಾರು ಹೇಳಿದ್ದು ಇದನ್ನು ಬರೆದವನಿಗೆ?" ಎಂದು ಗಂಡನನ್ನು ಕೇಳಿದಳು.

ಯೋಗೀಶ್ ಕಾಗದ ತೆಗೆದುಕೊಂಡು ಕೊನೆಯವರೆಗೂ ಓದಿದ. ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಅವಳ ಕೈಗೆ ವಾಪಸು ಕೊಟ್ಟ. ಯಾಕೆಂದು ಗೊತ್ತಾಗಲು ಗ್ಲ್ಯಾಡಿಸ್ ಅದನ್ನು ಎರಡು ಸಲ ಓದಬೇಕಾಯಿತು. 'ಮೃತರು ಮಗಳು ಗ್ಲ್ಯಾಡಿಸ್ ಮತ್ತು ಮೊಮ್ಮಗಳು ಮೋಕ್ಷಾ ಇವರನ್ನು ಅಗಲಿದ್ದಾರೆ.' ಅಷ್ಟೇ. ಅಳಿಯನ ಸುದ್ದಿಯೇ ಇಲ್ಲ.

"ಹಾಗಾದರೆ ಮೋಕ್ಷಾ ಆಕಾಶದಿಂದ ಉದುರಿದ್ದಾ?" ಎಂದು ಅವಳು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತು.

ಸಾವಿನ ಮನೆಯಲ್ಲಿ ಒಂದು ಕಾಗದಕ್ಕೆ ಇಷ್ಟು ರಾದ್ಧಾಂತ ಯಾಕೆ ಎಂದು ಹೊರಗಿನವರಿಗೆ ಅನ್ನಿಸಬಹುದು. ಗುಡ್ಡೆಯ ಸಭೆಯವರಿಗೆ, ಅಂದರೆ ಗುಡ್ಡೆಯ ಚರ್ಚಿನ ಕ್ರೈಸ್ತರಿಗೆ, ಹಾಗೆ ಅನ್ನಿಸುವುದಿಲ್ಲ. ಆ ಸಭೆ ಚಿಕ್ಕದು, ನೂರಿಪ್ಪತ್ತು ಮನೆ ಇರಬಹುದು. ಹೆಚ್ಚಿನವರು ಹೆಂಚಿನ ಕಾರ್ಖಾನೆಗಳಲ್ಲಿ, ನೇಯ್ಗೆಯಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು. ಮನೆಯಲ್ಲಿ ತುಳು, ದೇವಾಲಯ ಎಂದು ಅವರು ಕರೆಯುವ ಚರ್ಚಿನಲ್ಲಿ ಕನ್ನಡ. ಅಲ್ಲಿ ಹಳೆಯ ಮಿಷನ್ ಕಾಲದಿಂದ ಬಂದ ಒಂದು ಪದ್ಧತಿ ಉಂಟು. ಯಾರೇ ಸತ್ತರೂ ಹೂಳುವ ಮೊದಲು ಪೆಟ್ಟಿಗೆಯ ಪಕ್ಕ ನಿಂತು ಅವರ ಜೀವನಚರಿತ್ರೆಯನ್ನು ಓದಬೇಕು. ಬ್ಯಾಂಕಿನ ಮ್ಯಾನೇಜರಿಗೂ ಅದೇ, ಬೀಡಿ ಕಟ್ಟುವವಳಿಗೂ ಅದೇ. ಅಲ್ಲಿ ಓದಿದ್ದೇ ಆ ಮನುಷ್ಯನ ಬಗ್ಗೆ ಉಳಿಯುವ ಕೊನೆಯ ಮಾತು.

ಇಪ್ಪತ್ತೊಂಬತ್ತು ವರ್ಷ ಆ ಕೊನೆಯ ಮಾತನ್ನು ಬರೆದವರು ಡೀಕನ್ ರೂಬನ್. ಈಗ ಅವರದ್ದನ್ನೇ ಯಾರೋ ಸುಳ್ಳು ಸುಳ್ಳೇ ಬರೆದಿದ್ದರು. ನಾಲ್ಕು ಗಂಟೆಗೆ ಅದನ್ನು ಅವರ ಹೆಣದ ಮುಂದೆ ಓದುವುದಿತ್ತು.

ರೂಬನ್ ಸೈನ್ಯಕ್ಕೆ ಸೇರಿದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುತ್ತಿದ್ದವರು. ಮಗನಿಗೆ ಮಣ್ಣು ಬೇಡವಾಗಿತ್ತು. ಸೈನ್ಯ ಅವರ ಕೈಗೆ ಬಂದೂಕಿಗಿಂತ ಹೆಚ್ಚಾಗಿ ಸೌಟು ಕೊಟ್ಟಿತು. ಫೌಜಿನವರು ಅಡಿಗೆಮನೆಯನ್ನು ಲಂಗರ್ ಎನ್ನುತ್ತಾರೆ. ಇಪ್ಪತ್ತೆರಡು ವರ್ಷ ರೂಬನ್ ಆ ಲಂಗರಿನಲ್ಲಿ ಬೆಂದರು. ಮೂರು ನೂರು ಜನರಿಗೆ ರೊಟ್ಟಿ, ದಾಲು, ಬೆಳಗ್ಗೆ ನಾಲ್ಕಕ್ಕೆ ಚಹಾ. ಹಿಮ ಬೀಳುವ ಕಡೆ ಬೇಳೆ ಬೇಯುವುದಿಲ್ಲ ಎಂದು ಒಲೆಯ ಮುಂದೆ ಅತ್ತದ್ದನ್ನೂ ಅವರು ನಾಚಿಕೆಯಿಲ್ಲದೆ ಹೇಳುತ್ತಿದ್ದರು.

ಎಪ್ಪತ್ತೊಂದರ ಯುದ್ಧದಲ್ಲಿ ನೀವು ಎಂತ ಮಾಡಿದಿರಿ ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಒಂದೇ. "ಯುದ್ಧ ಮುಗಿದ ಮೇಲೆ ನನ್ನ ಕೆಲಸ ಶುರುವಾದದ್ದು." ಸೆರೆಸಿಕ್ಕ ಸೈನಿಕರನ್ನು ಇಟ್ಟಿದ್ದ ಒಂದು ಶಿಬಿರಕ್ಕೆ ಅವರನ್ನು ಕಳಿಸಿದ್ದರು. ಅಲ್ಲಿ ಸುಮಾರು ಎರಡು ವರ್ಷ ಶತ್ರುಗಳಿಗೆ ಅಡಿಗೆ ಮಾಡಿ ಹಾಕಿದರು. "ಅವರೂ ನಮ್ಮ ಹಾಗೆಯೇ. ಉಪ್ಪು ಕಡಿಮೆಯಾದರೆ ಬೈತಿದ್ದರು, ತಾಯಿಯ ಕಾಗದ ಬಂದರೆ ಊಟ ಬಿಡ್ತಿದ್ದರು" ಎನ್ನುತ್ತಿದ್ದರು. ಇದು ಅವರ ಯುದ್ಧದ ಕಥೆ. ಇದರಲ್ಲಿ ಸಿಂಹ ಎಲ್ಲಿಂದ ಬಂತು?

ಎಂಬತ್ತಾರರಲ್ಲಿ ಹವಾಲ್ದಾರರಾಗಿ ನಿವೃತ್ತರಾಗಿ ಊರಿಗೆ ಬಂದರು. ಎರಡು ವರ್ಷ ಕಳೆದು ಸಭೆಯವರು ಅವರನ್ನು ಡೀಕನ್ ಎಂದು ಆರಿಸಿದರು. ಗುಡ್ಡೆಯ ಸಭೆಯಲ್ಲಿ ಡೀಕನ್ ಎಂದರೆ ಸಂಬಳವಿಲ್ಲದ ಚಾಕರಿ. ಕಾಯಿಲೆಯವರನ್ನು ನೋಡಬೇಕು, ಬಡವರ ಮನೆಗೆ ಅಕ್ಕಿ ಮುಟ್ಟಿಸಬೇಕು, ಪ್ರಭುಭೋಜನದ ದಿನ, ಅಂದರೆ ಪ್ರಭುವಿನ ಕೊನೆಯ ಊಟದ ನೆನಪಿಗೆ ಎಲ್ಲರೂ ಒಂದೊಂದು ಚೂರು ರೊಟ್ಟಿ ತಿನ್ನುವ ದಿನ, ತಟ್ಟೆ ಹಿಡಿದು ಬೆಂಚಿನಿಂದ ಬೆಂಚಿಗೆ ಹೋಗಬೇಕು. ಚರಿತ್ರೆ ಬರೆಯುವ ಕೆಲಸವನ್ನು ಅವರು ತಾವಾಗಿಯೇ ಮೈಮೇಲೆ ಎಳೆದುಕೊಂಡರು. ಅಲ್ಲಿಯವರೆಗೆ ಅದನ್ನು ಯಾರು ಯಾರೋ ಬರೆಯುತ್ತಿದ್ದರು. ದೊಡ್ಡವರಿಗೆ ಇಪ್ಪತ್ತು ನಿಮಿಷ, ಬಡವರಿಗೆ ಎರಡು ನಿಮಿಷ. ಸತ್ತವರ ಕಣ್ಣು ದೊಡ್ಡದು ಎನ್ನುವ ಹಾಗೆ, ಸತ್ತವರೆಲ್ಲ ಸಂತರು.

ರೂಬನ್ ಅದನ್ನು ನಿಲ್ಲಿಸಿದರು. ಯಾರಾದರೂ ಹಾಸಿಗೆ ಹಿಡಿದರೆ ಸಾಕು, ಶುಕೂರನ ರಿಕ್ಷಾ ಹತ್ತಿ, ಉದ್ದದ ನೋಟ್‌ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹಾಜರ್. ಸೈನ್ಯದ ವರದಿಯ ಹಾಗೆ ತಾರೀಕು, ಸ್ಥಳ, ಮಾಡಿದ ಕೆಲಸ. ಹೊಗಳಿಕೆಯ ಒಂದು ಶಬ್ದ ಇರಬಾರದು. ಕೊನೆಗೆ, ಸಾಯುವವರು ಒಪ್ಪಿದರೆ ಮಾತ್ರ, ಒಂದು ತಪ್ಪು. "ಒಳ್ಳೆಯದನ್ನು ಊರವರು ಹೇಳಲಿ. ತಪ್ಪನ್ನು ಮಾತ್ರ ಅವರವರೇ ಹೇಳಬೇಕು. ಆಮೇಲೆ 'ಆದರೆ' ಅಂತ ಒಂದು ಶಬ್ದ ಸೇರಿಸುವ ಹಾಗಿಲ್ಲ" ಎನ್ನುತ್ತಿದ್ದರು.

ಬೀಡಿ ಕಟ್ಟುತ್ತಿದ್ದ ಒಬ್ಬ ಮುದುಕಿ ಹದಿನಾಲ್ಕು ವರ್ಷ ನಾದಿನಿಯೊಡನೆ ಮಾತು ಬಿಟ್ಟದ್ದನ್ನು ಬರೆಸಿದಳು. ಆ ನಾದಿನಿ ಪೆಟ್ಟಿಗೆಯ ಪಕ್ಕ ಕುಸಿದು ಕೂತು, ತಪ್ಪು ನನ್ನದೂ ಉಂಟು ಎಂದು ಗೋಳಾಡಿದಳು. ಒಮ್ಮೆ ದೊಡ್ಡ ಮನೆಯವನೊಬ್ಬ ಬಂದು, ನಮ್ಮ ತಂದೆಗೆ ತಪ್ಪೇ ಇರಲಿಲ್ಲ, ಅದೊಂದು ಬಿಟ್ಟುಬಿಡಿ ಎಂದ. ರೂಬನ್ ಹೇಳಿದ್ದು ಇಂದಿಗೂ ಸಭೆಯಲ್ಲಿ ಓಡಾಡುತ್ತದೆ. "ತಪ್ಪೇ ಇಲ್ಲದವನು ಒಬ್ಬನೇ ಇದ್ದದ್ದು. ಅವನು ಮೂರನೆಯ ದಿನ ಎದ್ದು ಬಂದ, ಅವನ ಸಮಾಧಿ ಖಾಲಿ. ನಿಮ್ಮ ತಂದೆಯದ್ದು ಖಾಲಿ ಇರ್ತದಾ?"

ಇಂಥ ಮನುಷ್ಯನನ್ನು ಹೊಗಳಿ ಹೊನ್ನಶೂಲಕ್ಕೆ ಏರಿಸಿದ್ದರು. ಗ್ಲ್ಯಾಡಿಸಳ ಮೈ ಉರಿಯದೆ ಇನ್ನೇನು?

ಮನೆಯಿಂದ ದೇವಾಲಯಕ್ಕೆ ಐದು ನಿಮಿಷದ ಏರು. ಅಂಗಳದಲ್ಲಿ ಶುಕೂರ್ ಕಾಯುತ್ತಿದ್ದ. ಮೂವತ್ತು ವರ್ಷ ರೂಬನ್ನರನ್ನು ಕಾಯಿಲೆಯವರ ಮನೆಗಳಿಗೆ ಸುತ್ತಿಸಿದ ಬ್ಯಾರಿ ಮುಸ್ಲಿಂ ರಿಕ್ಷಾದವನು, ಅವನಿಗೂ ಈಗ ಗಡ್ಡ ಪೂರ್ತಿ ಬಿಳಿ. "ನಡೀಬೇಡಿ ಟೀಚರ್, ಕೂತ್ಕೊಳ್ಳಿ" ಎಂದ. ಅವಳು ಕಾಗದ ತೋರಿಸಿದಳು. ಅವನು ಓದಿ ರಿಕ್ಷಾದ ಹ್ಯಾಂಡಲಿಗೆ ಹೊಡೆದ.

"ನನ್ನ ಹೆತ್ತ ಉಮ್ಮ ತೀರಿಹೋದಾಗ ಅವರದ್ದೂ ಬರೆದು ಕೊಟ್ಟಿದ್ದರು ನಿಮ್ಮ ಪಪ್ಪ, ನಮ್ಮ ಮಿಲಿಟ್ರಿಯವರು. ನಮ್ಮಲ್ಲಿ ಅದೆಲ್ಲ ಓದುವ ಕ್ರಮ ಇಲ್ಲ, ಆದರೂ ಕಪಾಟಿನಲ್ಲಿ ಇಟ್ಟಿದ್ದೇನೆ. ಒಂದು ಅಕ್ಷರ ಸುಳ್ಳಿಲ್ಲ. ಹೋಗಿ ಕೇಳಿ ಟೀಚರ್, ಬಿಡಬೇಡಿ."

ಸಭೆಯ ಆಫೀಸಿನಲ್ಲಿ ಕಾರ್ಯದರ್ಶಿ ಡೆನ್ಜಿಲ್ ಕೂತಿದ್ದ. ಮದುವೆ ಮಂಟಪಗಳ ಅಲಂಕಾರ ಅವನ ವ್ಯಾಪಾರ. ಬೋಳು ಗೋಡೆ ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ಕೆಟ್ಟವನು ಎನ್ನಲಾಗದು. ನಿನ್ನೆಯಿಂದ ಪೆಟ್ಟಿಗೆ, ಹೂವು, ಆಂಬುಲೆನ್ಸ್ ಎಂದು ಓಡಾಡಿದವನು ಅವನೇ. ಅದಕ್ಕೇ ಗ್ಲ್ಯಾಡಿಸಳಿಗೆ ಇನ್ನಷ್ಟು ಸಿಟ್ಟು. ಪೂರ್ತಿ ಕೆಟ್ಟವನಾಗಿದ್ದರೆ ಬೈಯುವುದು ಸುಲಭವಿತ್ತು.

"ಎಂತ ಮಾರಾಯ ಇದು?" ಎಂದು ಕಾಗದವನ್ನು ಮೇಜಿನ ಮೇಲೆ ಇಟ್ಟಳು. ಕೆಂಪು ಗೆರೆಗಳಲ್ಲಿ ಅಕ್ಷರಗಳೇ ಕಾಣುತ್ತಿರಲಿಲ್ಲ.

"ಗ್ಲ್ಯಾಡಿಸಕ್ಕ, ಸಿಟ್ಟು ಮಾಡ್ಬೇಡಿ. ಮಾಜಿ ಸೈನಿಕರ ಸಂಘದವರು ಬಾವುಟ ಹಿಡ್ಕೊಂಡು ಬರ್ತಾರೆ. ಪೇಪರಿನವರು ಬರ್ತಾರೆ. ಅವರೆದುರು ಅಡಿಗೆ ಮಾಡ್ತಿದ್ದರು ಅಂತ ಓದ್ಲಿಕ್ಕೆ ಆಗ್ತದಾ? ಈಗಿನ ಕಾಲ ಹೇಗೆ ಉಂಟು ಅಂತ ನಿಮಗೆ ಗೊತ್ತಿಲ್ವಾ? ನೀವು ದೇಶಕ್ಕೆ ಎಂತ ಮಾಡಿದ್ದೀರಿ ಅಂತ ನಮ್ಮವರನ್ನು ಕೇಳ್ತಾರೆ. ಅಂಕಲ್ ಹೆಸರಿನಲ್ಲಿ ಸಭೆಗೆ ಒಂದು ಮರ್ಯಾದೆ ಬಂದರೆ ಬರಲಿ ಅಂತ."

"ದೇಶಕ್ಕೆ ಅನ್ನ ಬೇಯಿಸಿದ್ದಾರೆ. ಇಪ್ಪತ್ತೆರಡು ವರ್ಷ. ಸಾಲದಾ? ಹೊಟ್ಟೆಗಿಲ್ಲದೆ ಯಾವ ಸಿಂಹ ಯುದ್ಧ ಮಾಡ್ತದೆ? ಹನ್ನೆರಡು ಅಂತ ಲೆಕ್ಕ ಎಲ್ಲಿಂದ ಬಂತು ನಿನಗೆ? ಹನ್ನೊಂದು ಯಾಕಲ್ಲ? ಮತ್ತೆ ನನ್ನ ಗಂಡನನ್ನು ಯಾಕೆ ಬಿಟ್ಟೆ? ಅವನನ್ನೂ ಪಪ್ಪನೇ ಕೊಂದರಾ?"

"ಅದು... ಹೊರಗಿನವರ ಹೆಸರು ಬೇಡ ಅಂತ ಕಮಿಟಿಯಲ್ಲಿ..."

"ಹೊರಗಿನವನು! ನಿನ್ನೆ ಪಪ್ಪನ ಬಾಯಿಗೆ ಕೊನೆಯ ನೀರು ಹಾಕಿದ್ದು ಆ ಹೊರಗಿನವನು. ನಾನು ಓದ್ತೇನೆ ಚರಿತ್ರೆ. ಪಪ್ಪ ಬರೀತಿದ್ದ ಕ್ರಮದಲ್ಲೇ ಬರೆದು ಓದ್ತೇನೆ. ಅವರ ಪುಸ್ತಕಗಳನ್ನು ತೆಗಿ."

ಡೆನ್ಜಿಲ್ ಎದ್ದು ಕಪಾಟಿನ ಬೀಗ ತೆಗೆದು ಪುಸ್ತಕಗಳನ್ನು ತಂದಿಟ್ಟ. ಗಣಿತದ ಟೀಚರಮ್ಮನ ಕಣ್ಣು ಮೊದಲು ನೋಡಿದ್ದು ಸಂಖ್ಯೆಯನ್ನು. ಒಂದು, ಮೂರು, ನಾಲ್ಕು, ಐದು.

"ಎರಡನೆಯದ್ದು ಎಲ್ಲಿ?"

"ಅದು ಹಾಳಾಗಿದೆ ಅಕ್ಕ, ಗೆದ್ದಲು..."

"ಡೆನ್ಜಿಲ್."

ಆ ಒಂದು ಶಬ್ದಕ್ಕೆ ಹತ್ತನೆಯ ತರಗತಿಯ ಪುಂಡರೇ ಕೂತುಬಿಡುತ್ತಿದ್ದರು. ಡೆನ್ಜಿಲ್ ಮೇಜಿನ ಡ್ರಾಯರ್ ಎಳೆದ. ಪುಸ್ತಕಕ್ಕೆ ಗೆದ್ದಲು ಹಿಡಿದಿರಲಿಲ್ಲ. "ನಿಮ್ಮ ಒಳ್ಳೆಯದಕ್ಕೇ ತೆಗೆದಿಟ್ಟದ್ದು. ಕೊನೆಯ ಹಾಳೆ ನೋಡಬೇಡಿ ಅಕ್ಕ" ಎಂದ. ನೋಡಬೇಡಿ ಎಂದ ಮೇಲೆ ನೋಡದೆ ಇರುತ್ತಾರೆಯೇ?

ಕೊನೆಯ ಹಾಳೆಯ ಮೇಲೆ ಅಪ್ಪನ ದುಂಡು ಅಕ್ಷರದಲ್ಲಿ 'ರೂಬನ್ ಕರ್ಕಡ' ಎಂದಿತ್ತು. ಹುಟ್ಟಿದ್ದು, ದೀಕ್ಷಾಸ್ನಾನ, ಕೆಲಸ, ಮದುವೆ, ಎಲ್ಲದರ ಮುಂದೆ ಖಾಲಿ. ಅದನ್ನು ಉಳಿದವರು ಬರೆಯಬೇಕೆಂಬುದು ಅವರದ್ದೇ ನಿಯಮ. ತಪ್ಪು ಎಂಬುದರ ಮುಂದೆ ಮಾತ್ರ ನಾಲ್ಕು ಸಾಲು ಬರೆದು ಕೆಳಗೆ ತಾರೀಕು ಹಾಕಿದ್ದರು. 12-4-1998.

ಗ್ಲ್ಯಾಡಿಸ್ ನಿಂತಲ್ಲೇ ಓದಿದಳು. ಓದಿ ಪುಸ್ತಕ ಮುಚ್ಚಿ, ಎದೆಗೆ ಒತ್ತಿಕೊಂಡು, ಡೆನ್ಜಿಲನ ಕಡೆ ತಿರುಗಿಯೂ ನೋಡದೆ ಹೊರಗೆ ಬಂದಳು.

ಆ ತಾರೀಕು ಅವಳಿಗೆ ಮರೆಯುವಂಥದ್ದಲ್ಲ. ಆ ವರ್ಷದ ಜನವರಿಯಲ್ಲಿ ಅವಳು ಯೋಗೀಶನನ್ನು ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಗಿದ್ದಳು. ಅವನು ಹಿಂದೂ, ನಂತೂರಿನ ಕಡೆಯ ಕೃಷಿಕರ ಮನೆಯ ಹುಡುಗ. ಸಭೆಯ ಹಳೆಯ ನಿಯಮ ಒಂದಿತ್ತು. ಹೊರಗೆ ಮದುವೆಯಾದವರು ಎಲ್ಲರೆದುರು ನಿಂತು ತಪ್ಪೊಪ್ಪಿಕೊಳ್ಳುವ ತನಕ ಅವರಿಗೆ ಪ್ರಭುಭೋಜನದ ರೊಟ್ಟಿ ಇಲ್ಲ. ಗ್ಲ್ಯಾಡಿಸ್ ಒಪ್ಪಿಕೊಳ್ಳಲಿಲ್ಲ. ಎಂತ ತಪ್ಪು ಅಂತ ಒಪ್ಪಿಕೊಳ್ಳುವುದು? ಈಸ್ಟರ್ ಭಾನುವಾರ ಬಂದು ಎಂದಿನ ಹಾಗೆ ಐದನೆಯ ಬೆಂಚಿನಲ್ಲಿ ಕೂತಳು. ತಟ್ಟೆ ಹಿಡಿದು ಬಂದದ್ದು ಅಪ್ಪ. ಎಡಗಡೆಯವಳಿಗೆ ಕೊಟ್ಟರು. ಆಮೇಲೆ ತಟ್ಟೆಯನ್ನು ಸ್ವಲ್ಪ ಮೇಲೆತ್ತಿ, ಅವಳ ತಲೆಯ ಮೇಲಿಂದ ದಾಟಿಸಿ, ಬಲಗಡೆಯವಳಿಗೆ ಹಿಡಿದರು. ಗಂಜಿ ಹಾಕಿದ ಬಿಳಿ ತೋಳು ಅವಳ ಕೆನ್ನೆಗೆ ತಾಗಿತು. ಇಡೀ ದೇವಾಲಯ ನೋಡುತ್ತಿತ್ತು.

ಶತ್ರುಗಳಿಗೆ ಎರಡು ವರ್ಷ ಅನ್ನ ಹಾಕಿದ ಕೈ ಸ್ವಂತ ಮಗಳಿಗೆ ಚೂರು ರೊಟ್ಟಿ ಕೊಡಲಿಲ್ಲ. ಇದಕ್ಕೆ ಏನು ಹೇಳುವುದು? ದೇವರ ಹೆಸರಿನಲ್ಲಿ ಮನುಷ್ಯರು ಎಂಥೆಂಥ ಸಣ್ಣತನ ಮಾಡುತ್ತಾರೆ, ಅದಕ್ಕೆ ಶಿಸ್ತು ಎಂಬ ದೊಡ್ಡ ಹೆಸರು ಬೇರೆ.

ಮರುವರ್ಷ ಮೋಕ್ಷಾ ಹುಟ್ಟಿದಳು. ಗ್ಲ್ಯಾಡಿಸಳ ತಾಯಿ ಆಗಲೇ ತೀರಿಹೋಗಿದ್ದರು. ಬಾಣಂತನಕ್ಕೆ ಯಾರು ಎಂದು ಯೋಗೀಶ್ ತಲೆ ಕೆರೆದುಕೊಳ್ಳುತ್ತಿರುವಾಗ, ಬೆಳಗ್ಗೆ ಆರಕ್ಕೆ ಬಾಗಿಲಲ್ಲಿ ರೂಬನ್ ನಿಂತಿದ್ದರು, ಕೈಯಲ್ಲಿ ಬುತ್ತಿ. ನಲವತ್ತು ದಿನ ಮೊದಲ ಬಸ್ಸಿನಲ್ಲಿ ನಂತೂರಿಗೆ ಬಂದರು. ಮೆಂತೆ ಗಂಜಿ, ಬೆಳ್ಳುಳ್ಳಿ ಸಾರು, ಜೀರಿಗೆ ಕಷಾಯ. ಮೂರು ನೂರು ಜನರಿಗೆ ಬೇಯಿಸಿದ ಹವಾಲ್ದಾರ ಒಬ್ಬ ಬಾಣಂತಿಗೆ ಒಂದು ಹಿಡಿ ಅಕ್ಕಿ ಬೇಯಿಸಿದ. ಮಾತು ಮಾತ್ರ ಆಡಲಿಲ್ಲ. ಎರಡು ಸಾವಿರದ ಏಳರಲ್ಲಿ ಸಭೆ ಆ ನಿಯಮವನ್ನು ತೆಗೆದುಹಾಕಿತು. ಮುಂದಿನ ಭಾನುವಾರ ಅಪ್ಪ ತಟ್ಟೆಯನ್ನು ಅವಳ ಮುಂದೆ ಹಿಡಿದರು. ಆಗಲೂ ಒಂದು ಮಾತಿಲ್ಲ.

"ಇಪ್ಪತ್ತೇಳು ವರ್ಷ!" ರಿಕ್ಷಾದಲ್ಲಿ ಕೂತು ಅವಳು ಶುಕೂರನಿಗೆ ಹೇಳಿದಳು, ಇಲ್ಲ, ಶುಕೂರನ ಬೆನ್ನಿಗೆ ಹೇಳಿದಳು. "ಅದೇ ದಿನ ಸಂಜೆ ಬರೆದು ಕಪಾಟಿನಲ್ಲಿ ಇಟ್ಟಿದ್ದಾರೆ. ಊರಿನವರ ತಪ್ಪೆಲ್ಲ ಕೇಳಿಕೊಂಡು ಬರ್ಲಿಕ್ಕೆ ಇವರಿಗೆ ಬಾಯಿ ಇತ್ತು. ನನ್ನ ಮುಖ ನೋಡಿ ಒಂದು ಮಾತು ಹೇಳ್ಲಿಕ್ಕೆ ಬಾಯಿ ಇರಲಿಲ್ಲ. ನಾನೇ ಮೊದಲು ಸತ್ತಿದ್ದರೆ? ಇವರು ಸಾಯುವವರೆಗೂ ಕಾಯಬೇಕಾ?"

ಶುಕೂರ್ ರಿಕ್ಷಾ ನಿಲ್ಲಿಸಿದ. "ಬೈಯಿರಿ ಟೀಚರ್. ಬೈಯಬೇಕಾದದ್ದೇ" ಎಂದ. ಆಮೇಲೆ ಹಿಂದೆ ತಿರುಗಿ ಹೇಳಿದ. "ಆ ದಿನ ಚರ್ಚಿನಿಂದ ಅವರನ್ನು ಮನೆಗೆ ಬಿಟ್ಟದ್ದು ನಾನು. ದಾರಿಯಲ್ಲಿ ಒಮ್ಮೆ ನಿಲ್ಲಿಸು ಅಂದರು. ಇಳಿದು ಚರಂಡಿಗೆ ವಾಂತಿ ಮಾಡಿದರು. ಮೀನು ಹಿಡಿಸಲಿಲ್ಲ ಅಂದರು. ಇನ್ನೂ ಊಟವೇ ಆಗಿರಲಿಲ್ಲ."

ಗ್ಲ್ಯಾಡಿಸ್ ಅತ್ತದ್ದು ಆಗಲೇ. ಸಿಟ್ಟು ಇಳಿದು ಅತ್ತದ್ದಲ್ಲ, ಸಿಟ್ಟಿನಿಂದಲೇ ಅತ್ತದ್ದು.

ಮನೆಗೆ ಬಂದು ಅಪ್ಪನ ಅಡಿಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಇಟ್ಟು, ಖಾಲಿ ಬಿಟ್ಟ ಜಾಗಗಳನ್ನು ಒಂದೊಂದಾಗಿ ತುಂಬಿದಳು. ಯೋಗೀಶ್ ಪಕ್ಕದಲ್ಲಿ ನಿಂತು ನಾಲ್ಕು ಸಾಲುಗಳನ್ನು ಓದಿದ. "ಇದನ್ನು ಓದಬೇಕಾ? ಸತ್ತವರ ಮುಂದೆ?" ಎಂದು ಕೇಳಿದ. ಅವನ ಮನಸ್ಸು ಅಷ್ಟು ಮೆತ್ತಗೆ.

"ಓದದಿದ್ದರೆ ನಾನೂ ಡೆನ್ಜಿಲ್ ಆದ ಹಾಗೆ" ಎಂದಳು ಗ್ಲ್ಯಾಡಿಸ್.

ನಾಲ್ಕು ಗಂಟೆಗೆ ದೇವಾಲಯ ತುಂಬಿತ್ತು. ಮಾಜಿ ಸೈನಿಕರು ಬಾವುಟ ಹಿಡಿದು ಬಂದಿದ್ದರು. ಹೊಳಪಿನ ಕಾಗದ ಆಗಲೇ ಬೆಂಚುಗಳ ಮೇಲೆ ಹಂಚಿಯಾಗಿತ್ತು. ಮೂರು ತಿಂಗಳ ಹಿಂದೆ ವರ್ಗವಾಗಿ ಬಂದ ಪಾದ್ರಿ ಅಯ್ಯನವರಿಗೆ ಡೆನ್ಜಿಲ್ ಒಂದು ಕಿವಿಯಲ್ಲಿ ಹೇಳಿದ್ದ, ಗ್ಲ್ಯಾಡಿಸ್ ಇನ್ನೊಂದು ಕಿವಿಯಲ್ಲಿ. ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ಈಗ ಕುಟುಂಬದವರು ಅಥವಾ ಸಭೆಯವರು ಜೀವನಚರಿತ್ರೆ ಓದುವರು" ಎಂದರು. ಡೆನ್ಜಿಲ್ ಎದ್ದ. ಅವನು ಮೈಕ್ ತಲುಪುವ ಮೊದಲೇ ಗ್ಲ್ಯಾಡಿಸ್ ಅಲ್ಲಿದ್ದಳು.

"ನಿಮ್ಮ ಕೈಯಲ್ಲಿರುವ ಕಾಗದದಲ್ಲಿ ನನ್ನ ತಂದೆ ಹನ್ನೆರಡು ಜನರನ್ನು ಕೊಂದಿದ್ದಾರೆ. ಹತ್ತಕ್ಕೆ ಸೊನ್ನೆ. ಅದನ್ನು ಮಡಚಿ ಇಟ್ಟುಬಿಡಿ" ಎಂದಳು. ಆಮೇಲೆ ಪುಸ್ತಕ ತೆರೆದಳು.

"ರೂಬನ್ ಕರ್ಕಡ. ಹೆಂಚಿನ ಕಾರ್ಖಾನೆಯ ಕೂಲಿಯ ಮಗ. ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಅಡಿಗೆ ಮಾಡಿದರು. ಯಾರ ಮೇಲೂ ಗುಂಡು ಹಾರಿಸಲಿಲ್ಲ. ಸೆರೆಯಾಳುಗಳಿಗೆ ಸುಮಾರು ಎರಡು ವರ್ಷ ಊಟ ಹಾಕಿದರು."

ಮೂರನೆಯ ಬೆಂಚಿನಲ್ಲಿ ಪದಕಗಳನ್ನು ಹಾಕಿಕೊಂಡಿದ್ದ ಮುದುಕ ಸುಬೇದಾರರೊಬ್ಬರು ಪಕ್ಕದವನಿಗೆ, "ಲಂಗರ್ ಇಲ್ಲದೆ ಫೌಜ್ ಉಂಟಾ?" ಎಂದದ್ದು ಮುಂದಿನವರೆಗೂ ಕೇಳಿಸಿತು. ಡೆನ್ಜಿಲ್ ತಲೆ ತಗ್ಗಿಸಿ ಕೂತ.

ಅವಳು ಮುಂದುವರಿಸಿದಳು. ಡೀಕನ್ ಆಗಿ ಇಪ್ಪತ್ತೊಂಬತ್ತು ವರ್ಷ. ನೂರ ಹನ್ನೆರಡು ಜನರ ಚರಿತ್ರೆ. ಮಗಳ ಬಾಣಂತನಕ್ಕೆ ನಲವತ್ತು ದಿನ ಗಂಜಿ. ಅಗಲಿದ್ದು ಮಗಳನ್ನು, ಅಳಿಯ ಯೋಗೀಶನನ್ನು, ಮೊಮ್ಮಗಳನ್ನು, ರಿಕ್ಷಾದ ಶುಕೂರನನ್ನು. ಕೊನೆಯ ಬೆಂಚಿನಲ್ಲಿ ಟೋಪಿ ಸರಿಮಾಡಿಕೊಳ್ಳುತ್ತ ಶುಕೂರ್ ಗೋಡೆಯ ಕಡೆ ಮುಖ ತಿರುಗಿಸಿದ.

"ತಪ್ಪು" ಎಂದು ಓದಿ ಅವಳು ನಿಂತಳು. ಹಳಬರಿಗೆ ಇದು ಬರುತ್ತದೆಂದು ಗೊತ್ತಿತ್ತು. "ಇದು ಅವರೇ ಬರೆದದ್ದು."

"'ಈ ದಿನ ತಟ್ಟೆಯನ್ನು ಗ್ಲ್ಯಾಡಿಸಳ ತಲೆಯ ಮೇಲಿಂದ ದಾಟಿಸಿದೆ. ಅವಳು ಕೈ ಚಾಚಿದ್ದಳು. ನಿಯಮ ಸಭೆಯದ್ದು. ಕೈ ನನ್ನದು.'"

ಐದನೆಯ ಬೆಂಚಿನಲ್ಲಿ ಅವತ್ತು ಬಲಗಡೆ ಕೂತಿದ್ದ ಹೆಂಗಸು, ಈಗ ಮುದುಕಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗ್ಲ್ಯಾಡಿಸಳ ನಾಲಿಗೆಯ ತುದಿಯಲ್ಲಿ ಒಂದು 'ಆದರೆ' ಇತ್ತು. ಆದರೆ ಅವರು ವಾಂತಿ ಮಾಡಿಕೊಂಡರು. ಆದರೆ ಅವರು ಗಂಜಿ ಬೇಯಿಸಿದರು. ಪೆಟ್ಟಿಗೆಯಲ್ಲಿ ಮಲಗಿದ್ದ ಮನುಷ್ಯ ಆ ಶಬ್ದವನ್ನು ನೂರ ಹನ್ನೆರಡು ಸಲ ಹೊಡೆದುಹಾಕಿದ್ದ. ಅವಳೂ ಅದನ್ನು ನುಂಗಿಕೊಂಡಳು. ಪದ್ಧತಿಯಂತೆ ಕೊನೆಯಲ್ಲಿ ಬರೆದವರ ಹೆಸರು ಹೇಳಬೇಕು.

"ಬರೆದವಳು ಗ್ಲ್ಯಾಡಿಸ್" ಎಂದಳು. "ಕೈ ಚಾಚಿದವಳು."